ಮಗಳಿಗೊಂದು ಪತ್ರ: ಬೂದು ಬಳಿದ ಗೋಡೆಯನ್ನೂ ತೋರಿಸು

ಪ್ರೀತಿಯ ಮಗಳೇ,

ಭಾನುವಾರ ಫೋನಿನಲ್ಲಿ ನೀನು ಹೇಳಿದ್ದು ಎರಡೇ ವಿಷಯ. ಸಮಕಾಲೀನ ಕಲೆಯ ಪ್ರದರ್ಶನಕ್ಕೆ ಹೋಗಿ ಅರ್ಧ ಗಂಟೆಯಲ್ಲಿ ಹೊರಗೆ ಬಂದೆ, ಅಲ್ಲಿದ್ದವರಿಗೆಲ್ಲ ಅರ್ಥವಾದದ್ದು ನನಗೊಬ್ಬಳಿಗೇ ಆಗಲಿಲ್ಲ ಎಂದೆ. ಆಮೇಲೆ, ಕೆಲಸಕ್ಕೆ ಹೋಗುವ ದಾರಿಯ ಗೋಡೆಯ ಮೇಲಿದ್ದ ದೊಡ್ಡ ಹಕ್ಕಿಗೆ ಯಾರೋ ಬೂದು ಬಣ್ಣ ಬಳಿದುಬಿಟ್ಟಿದ್ದಾರೆ ಎಂದೆ. ಮೊದಲನೆಯದನ್ನು ಹೇಳುವಾಗ ನಿನ್ನ ದನಿಯಲ್ಲಿ ಸಂಕೋಚವಿತ್ತು, ಎರಡನೆಯದಕ್ಕೆ ಸಿಟ್ಟಿತ್ತು. ಆ ಸಿಟ್ಟು ನನಗೆ ತುಂಬಾ ಇಷ್ಟವಾಯಿತು. ಹಕ್ಕಿಯ ಅರ್ಥವೇನೆಂದು ನೀನು ಒಂದು ದಿನವೂ ನನ್ನನ್ನು ಕೇಳಿರಲಿಲ್ಲ. ದಿನಾ ನೋಡುತ್ತಿದ್ದೆ, ಅಷ್ಟೆ. ಹೋದ ಮೇಲೆ ನೋವಾಯಿತು.

ಅಲ್ಲಿದ್ದವರಿಗೆಲ್ಲ ಅರ್ಥವಾಗಿತ್ತು ಎಂಬುದನ್ನು ಮಾತ್ರ ನಾನು ನಂಬುವುದಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಹೆಸರಾಂತ ಕೃತಿಗಳ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆಂದು ಸಂಶೋಧಕರು ಅಳೆದಿದ್ದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಸರಾಸರಿ 27 ಸೆಕೆಂಡು. ಅಷ್ಟು ಹೊತ್ತಿನಲ್ಲಿ ಚಪ್ಪಲಿ ಹಾಕಿಕೊಳ್ಳಬಹುದು, ಚಿತ್ರ ಅರ್ಥಮಾಡಿಕೊಳ್ಳಲಾಗದು. ನಿನ್ನ ಪಕ್ಕದಲ್ಲಿ ಗಲ್ಲಕ್ಕೆ ಕೈಯಿಟ್ಟು ನಿಂತಿದ್ದವರಲ್ಲಿ ಅರ್ಧ ಜನ ಹೊರಗೆ ಹೋಗುವ ಬಾಗಿಲು ಎಲ್ಲಿದೆ ಎಂದು ಯೋಚಿಸುತ್ತಿದ್ದಿರಬೇಕು. ನಾನೂ ಹಾಗೆ ಎಷ್ಟೋ ಸಲ ನಿಂತಿದ್ದೇನೆ.

ಮುಂದಿನ ಸಲ ಎಲ್ಲವನ್ನೂ ನೋಡಬೇಡ. ಒಂದು ಸುತ್ತು ಸುಮ್ಮನೆ ಹಾಕು, ಕಾಲು ತಾನಾಗಿ ನಿಧಾನವಾದ ಎರಡು ಮೂರು ಕಡೆಗೆ ಮಾತ್ರ ಹಿಂದಿರುಗು. ಗೋಡೆಗೆ ಅಂಟಿಸಿದ ಉದ್ದದ ಬರಹವನ್ನು ಕೊನೆಗೆ ಇಟ್ಟುಕೋ. ಅದನ್ನು ಬರೆದವರಿಗೂ ಒಮ್ಮೊಮ್ಮೆ ಅದು ಅರ್ಥವಾಗಿರುವುದಿಲ್ಲ ಎಂಬುದು ನನ್ನ ಬಹಳ ದಿನದ ಗುಮಾನಿ. ಚಿಕ್ಕ ಫಲಕದಲ್ಲಿ ಮಾಧ್ಯಮ ಯಾವುದು ಎಂಬ ಸಾಲೊಂದಿರುತ್ತದೆ, ಅದನ್ನು ಬಿಡಬೇಡ. ಕಬ್ಬಿಣವೆಂದುಕೊಂಡದ್ದು ಕಾಗದವಾಗಿರುತ್ತದೆ. ವೀಡಿಯೊ ಇರುವ ಕತ್ತಲೆ ಕೋಣೆಗೆ ಹೋಗುವ ಮುನ್ನ ಅದು ಎಷ್ಟು ನಿಮಿಷದ್ದು ಎಂದು ನೋಡಿಕೋ. ಸುತ್ತಿ ಸುತ್ತಿ ಓಡುತ್ತಿರುತ್ತದೆ, ನೀನು ನಡುವೆ ಹೊಕ್ಕರೆ ತಪ್ಪು ನಿನ್ನದಲ್ಲ.

ಕುರ್ಚಿಯ ಕಥೆ ನೆನಪಿದೆಯೇ? ನಿನಗಾಗ ಎಂಟು ವರ್ಷ. ಕಾಲು ನೋಯುತ್ತಿದೆ ಎಂದು ನಾನು ಪ್ರದರ್ಶನದ ಮೂಲೆಯಲ್ಲಿದ್ದ ಮರದ ಕುರ್ಚಿಯ ಮೇಲೆ ಕುಳಿತೆ. ಕಾವಲಿನವರು ಓಡಿಬಂದರು. ಅದೇ ಕಲಾಕೃತಿ! ನನ್ನ ಮುಖ ಕೆಂಪಾಗಿತ್ತು. ನೀನು ಮಾತ್ರ ಅವರನ್ನು ಗಂಭೀರವಾಗಿ ಕೇಳಿದೆ: "ಅಮ್ಮ ಕುಳಿತಿದ್ದಾಗಲೂ ಅದು ಕಲಾಕೃತಿಯೇ ಆಗಿತ್ತೇ?" ಅವರು ನಕ್ಕು, ಆ ಕುರ್ಚಿಯ ನಾಲ್ಕು ಕಾಲೂ ಒಂದೇ ಎತ್ತರದವಲ್ಲ ಎಂದು ತೋರಿಸಿದರು. ದಿನವಿಡೀ ಅದರ ಜೊತೆಗಿದ್ದವರಿಗೆ ಕಂಡದ್ದು, ಅದರ ಮೇಲೆ ಕುಳಿತ ನನಗೇ ಗೊತ್ತಾಗಿರಲಿಲ್ಲ. ಅಂದಿನಿಂದ ನಾನು ಕಾವಲಿನವರನ್ನು ಮಾತನಾಡಿಸದೆ ಬಂದದ್ದಿಲ್ಲ.

ಬರಹವನ್ನು ಕೊನೆಗೆ ಓದು ಎಂದೆನಲ್ಲ, ನನ್ನ ಈ ಮಾತು ಪೂರ್ತಿ ಸೋಲುವ ಜಾಗವೂ ಒಂದಿದೆ. ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ 1991ರಲ್ಲಿ ಮಾಡಿದ ಕೃತಿ ಅದು. ಮೂಲೆಯಲ್ಲಿ ಬಣ್ಣದ ಕಾಗದ ಸುತ್ತಿದ ಮಿಠಾಯಿಗಳ ರಾಶಿ, ಬಂದವರು ಒಂದೊಂದು ತೆಗೆದುಕೊಳ್ಳಬಹುದು. ನೋಡಿದರೆ ಹಬ್ಬದ ಹಾಗಿದೆ. ರಾಶಿಯ ಆದರ್ಶ ತೂಕ 175 ಪೌಂಡ್, ಅಂದರೆ ಸುಮಾರು 79 ಕಿಲೊ. ಕೃತಿಯ ಹೆಸರಿನಲ್ಲಿ 'ಲಾಸ್ ಏಂಜಲೀಸ್‌ನಲ್ಲಿ ರಾಸ್‌ನ ಭಾವಚಿತ್ರ' ಎಂದಿದೆ. ಆ ರಾಸ್, ಕಲಾವಿದನ ಸಂಗಾತಿ. ಅದೇ ವರ್ಷ ಏಡ್ಸ್‌ನಿಂದ ತೀರಿಕೊಂಡವನು. ಜನ ಒಂದೊಂದೇ ಒಯ್ದಂತೆ ರಾಶಿ ಕರಗುತ್ತದೆ, ಪ್ರದರ್ಶಿಸುವವರು ಮತ್ತೆ ತುಂಬಿಸಬಹುದು. ಇಷ್ಟು ತಿಳಿದ ಮೇಲೆ ಬಾಯಲ್ಲಿರುವ ಮಿಠಾಯಿಯನ್ನು ನುಂಗುವುದೂ ಕಷ್ಟ, ಉಗುಳುವುದೂ ಕಷ್ಟ. ಹಾಗೆಂದು ಮೊದಲೇ ಓದಿದ್ದರೆ ಆ ಮಿಠಾಯಿಯನ್ನು ಅಷ್ಟು ಸಲೀಸಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆಯಾ? ಇದನ್ನು ನಾನಿನ್ನೂ ತೀರ್ಮಾನಿಸಿಲ್ಲ.

ಇಷ್ಟವಾಗದಿದ್ದರೆ ಇಷ್ಟವಾಗಲಿಲ್ಲ ಎನ್ನು. ಮೌರಿಜಿಯೊ ಕಟೆಲಾನ್ 2019ರಲ್ಲಿ ಗೋಡೆಗೆ ಟೇಪಿನಲ್ಲಿ ಅಂಟಿಸಿದ ಬಾಳೆಹಣ್ಣು 2024ರಲ್ಲಿ 62 ಲಕ್ಷ ಡಾಲರಿಗೆ ಹರಾಜಾದಾಗ ನಿನ್ನ ಅಪ್ಪ ಎರಡು ದಿನ ಅದನ್ನೇ ಆಡಿಕೊಂಡಿದ್ದರು. ಕೊಂಡವರಿಗೆ ಸಿಕ್ಕ ನಿಜವಾದ ವಸ್ತು ಒಂದು ಪ್ರಮಾಣಪತ್ರ ಮತ್ತು ಅಂಟಿಸುವ ವಿಧಾನ. ಹಣ್ಣು ಕೊಳೆತರೆ ಬೇರೆ ತರಬಹುದು. ನನ್ನ ಮಟ್ಟಿಗೆ ಅದೊಂದು ಒಳ್ಳೆಯ ನಗೆಹನಿ, ಎರಡನೆಯ ಸಲ ಕೇಳಿದರೆ ನಗು ಬರುವುದಿಲ್ಲ.

ಈಗ ನಿನ್ನ ಹಕ್ಕಿಯ ಮಾತು. ಅದನ್ನು ಅಳಿಸಿದವರು ಯಾರು ಎಂದು ವಿಚಾರಿಸಿದೆಯಾ? ಸಿಟ್ಟಾಗುವ ಮುನ್ನ ವಿಚಾರಿಸು, ಏಕೆಂದರೆ ಎಲ್ಲ ಅಳಿಸುವಿಕೆಯೂ ಒಂದೇ ಅಲ್ಲ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಫೈವ್ ಪಾಯಿಂಟ್ಜ್ ಎಂಬ ಹಳೆಯ ಕಾರ್ಖಾನೆಯ ಮೈತುಂಬ ಚಿತ್ರಗಳಿದ್ದವು. 2013ರಲ್ಲಿ ಮಾಲೀಕರು ಒಂದೇ ರಾತ್ರಿ ಬಿಳಿ ಬಳಿಸಿದರು. ಕಲಾವಿದರು ನ್ಯಾಯಾಲಯಕ್ಕೆ ಹೋದರು. 2018ರಲ್ಲಿ 21 ಮಂದಿಗೆ 67.5 ಲಕ್ಷ ಡಾಲರ್ ಪರಿಹಾರದ ತೀರ್ಪು ಬಂತು. ಆ ಕಾರ್ಖಾನೆಗೆ ಬಿಳಿ ಬಳಿದ ಮರುವರ್ಷ, 2014ರಲ್ಲಿ, ಬರ್ಲಿನ್ನಿನಲ್ಲಿ ಬ್ಲೂ ಎಂಬ ಇಟಲಿಯ ಕಲಾವಿದನ ಎರಡು ಬೃಹತ್ ಭಿತ್ತಿಚಿತ್ರಗಳ ಮೇಲೆ ಕಪ್ಪು ಬಣ್ಣ ಬಿತ್ತು. ಬಳಿದದ್ದು ಅವನ ಒಪ್ಪಿಗೆಯಿಂದಲೇ, ಅವನ ಜೊತೆಯವರೇ! ಆ ಬಡಾವಣೆ ದುಬಾರಿಯಾಗುತ್ತಿತ್ತು, ಚಿತ್ರಗಳು ಅದಕ್ಕೆ ಅಲಂಕಾರವಾಗುವುದು ಅವರಿಗೆ ಬೇಡವಾಗಿತ್ತು.

ಕೀತ್ ಹ್ಯಾರಿಂಗ್‌ನ ಸಂಗತಿ ಇನ್ನೂ ವಿಚಿತ್ರ. 1980ರಿಂದ ಐದಾರು ವರ್ಷ ಅವನು ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣಗಳಲ್ಲಿ, ಜಾಹೀರಾತು ಸಿಗದ ಚೌಕಟ್ಟುಗಳಿಗೆ ಅಂಟಿಸುತ್ತಿದ್ದ ಕಪ್ಪು ಕಾಗದದ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಚಿತ್ರ ಬರೆದ. ಪೊಲೀಸರು ಹಿಡಿದರೂ ಅವನು ಬರೆಯುವುದನ್ನು ಬಿಡಲಿಲ್ಲ. ಹೆಸರು ಬಂದ ಮೇಲೆ ಜನ ಕಾಗದವನ್ನೇ ಕಿತ್ತು ಒಯ್ದು ಮಾರತೊಡಗಿದರು. ಆಗ ಬರೆಯುವುದನ್ನೇ ನಿಲ್ಲಿಸಿದ. ಪೊಲೀಸರಿಂದ ಆಗದ್ದು ಅಭಿಮಾನಿಗಳಿಂದ ಆಯಿತು.

ಇನ್ನೊಂದು ಮಾತು. ಗೋಡೆ ಚಿತ್ರ ನೋಡುವುದಕ್ಕೆ ಬೆಳಗ್ಗೆ ಬೇಗ ಹೊರಡು. ಅಂಗಡಿ ಶಟರ್‌ಗಳ ಮೇಲೆ ಬರೆದವು ಬಾಗಿಲು ತೆರೆದ ಮೇಲೆ ಸುರುಳಿ ಸುತ್ತಿ ಮಾಯವಾಗುತ್ತವೆ. ಎಲ್ಲಾದರೂ ಏಣಿ, ಕ್ರೇನು ಕಂಡು, ಗೋಡೆಯ ತುಂಬ ಅರ್ಥವಿಲ್ಲದ ಗೀಚು ಕಂಡರೆ ನಿಲ್ಲು. ಕಲಾವಿದರು ಆ ಗೀಚಿನ ಫೋಟೊ ತೆಗೆದು ಅದರ ಮೇಲೆ ತಮ್ಮ ರೇಖಾಚಿತ್ರವನ್ನು ಕೂರಿಸಿಕೊಂಡು, ಯಾವ ಗೀಟಿನ ಪಕ್ಕ ಕಣ್ಣು, ಯಾವುದರ ಕೆಳಗೆ ಕೊಕ್ಕು ಎಂದು ಅಳೆಯುತ್ತಾರೆ. ಫೋಟೊ ತೆಗೆದರೆ ದಿನಾಂಕ ಬರೆದಿಡು, ಸಹಿ ಕಂಡರೆ ಅದನ್ನೂ.

ಮುಂದಿನ ತಿಂಗಳು ನಾನು ಬರುತ್ತಿದ್ದೇನೆ. ಪ್ರದರ್ಶನಕ್ಕೆ ಆಮೇಲೆ ಹೋಗೋಣ. ಮೊದಲು ಆ ಬೂದು ಗೋಡೆಯ ಹತ್ತಿರ ಕರೆದುಕೊಂಡು ಹೋಗು. ರೆಕ್ಕೆ ಎಲ್ಲಿಯವರೆಗೆ ಚಾಚಿತ್ತು, ಕೊಕ್ಕು ಯಾವ ಕಿಟಕಿಯ ಕೆಳಗಿತ್ತು, ಕೈ ಮಾಡಿ ತೋರಿಸು.

ನಿನ್ನ,
ಅಮ್ಮ