ಸೀಟು ಕೊಟ್ಟರೆ ಸಾಕೇ?

ಸಂಪಾದಕರೇ,

ನನ್ನ ಮಗಳಿಗೆ ಕಿವಿ ಮಂದ. ಎಂಬಿಬಿಎಸ್ ಎರಡನೇ ವರ್ಷ. ಥಿಯರಿಯಲ್ಲಿ ಒಳ್ಳೆಯ ಅಂಕ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಮಾತ್ರ ಕಡಿಮೆ. ಪರೀಕ್ಷಕರು ಮಾಸ್ಕ್ ಹಾಕಿಕೊಂಡೇ ಪ್ರಶ್ನೆ ಕೇಳಿದರಂತೆ, ಮೇಲೆ ಫ್ಯಾನಿನ ಗರಗರ ಬೇರೆ. ತುಟಿ ಕಾಣದಿದ್ದರೆ ಅವಳಿಗೆ ಅರ್ಧ ಮಾತು ಹೋದ ಹಾಗೆಯೇ. ‘ಇನ್ನೊಮ್ಮೆ ಹೇಳಿ ಸರ್’ ಎಂದರೆ ‘ಓದಿಲ್ವಾ?’ ಎಂಬ ಉತ್ತರ.

ಶಬ್ದ ಜಾಸ್ತಿ ಮಾಡುವ ಎಲೆಕ್ಟ್ರಾನಿಕ್ ಸ್ಟೆತಸ್ಕೋಪನ್ನು ಅಡಿಕೆ ಮಾರಿದ ದುಡ್ಡಲ್ಲಿ ನಾವೇ ಕೊಡಿಸಿದ್ದೇವೆ. ಎದೆಬಡಿತ ಚೆನ್ನಾಗಿ ಕೇಳುತ್ತದಂತೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ 5 ಸೀಟು ಮೀಸಲಿಡುತ್ತದೆ. ಪರೀಕ್ಷೆಯ ಕ್ರಮವನ್ನೂ ಅಗತ್ಯಕ್ಕೆ ತಕ್ಕಂತೆ ಬದಲಿಸಿ ಅನ್ನುತ್ತದೆ. ಸೀಟು ಕೊಟ್ಟು ಸುಮ್ನೆ ಕೂತರೆ ಹೇಗೆ? ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಡಲು ಖರ್ಚೇನೂ ಇಲ್ಲ ಅಲ್ವಾ?

– ಒಬ್ಬ ತಾಯಿ, ಶಿರಸಿ