ಗೋದಲಿಯ ಮುಂದೆ ಧ್ಯಾನ: ಸದಸ್ಯರ ಗಮನಕ್ಕೆ

ಪ್ರಭು ಯೇಸುವಿನಲ್ಲಿ ಪ್ರಿಯ ಸಹೋದರ ಸಹೋದರಿಯರೇ, ವಂದನೆಗಳು.

ಕ್ರಿಸ್ತಜಯಂತಿಗೆ ಸಿದ್ಧರಾಗುವ ಆಗಮನ ಕಾಲದ ನಾಲ್ಕನೆಯ ಭಾನುವಾರವಾದ ಡಿಸೆಂಬರ್ 21ರಂದು ಸಂಜೆ 5 ಗಂಟೆಗೆ, ಕ್ರಿಸ್ತಜಯಂತಿಯ ನಿಜವಾದ ಅರ್ಥವನ್ನು ಕುರಿತು ಧ್ಯಾನಿಸಲು ಗುಂಪಿನ ಎಲ್ಲ ಕುಟುಂಬಗಳೂ ದೇವಾಲಯದಲ್ಲಿ ಯೇಸುವಿನ ಜನನದ ದೃಶ್ಯವನ್ನು ತೋರುವ ಗೋದಲಿಯ ಮುಂದೆ ಸೇರಬೇಕೆಂದು ಕೋರುತ್ತೇವೆ.

ನಕ್ಷತ್ರದೀಪ, ಕೇಕು, ಕ್ರಿಸ್ಮಸ್ ತಿಂಡಿಗಳಾದ ಕುಸ್ವಾರ್‌ಗಳ ಸಿದ್ಧತೆ ನಡೆಯಲಿ. ಅದೂ ಹಬ್ಬದ ಸಂತೋಷವೇ. ಆದರೆ ಛತ್ರದಲ್ಲಿ ಸ್ಥಳ ಸಿಗದೆ, ಬಟ್ಟೆಯಲ್ಲಿ ಸುತ್ತಿ, ದನಗಳು ಮೇವು ತಿನ್ನುವ ಗೋದಲಿಯಲ್ಲಿ ಮಲಗಿಸಿದ ಮಗುವನ್ನೇ ನಾವು ರಕ್ಷಕನೆಂದು ಒಪ್ಪಿಕೊಂಡಿದ್ದೇವೆ, ಆ ಶುಭಸಂದೇಶ ಮೊದಲು ತಲುಪಿದ್ದು ರಾತ್ರಿ ಮಂದೆ ಕಾಯುತ್ತಿದ್ದ ಕುರುಬರಿಗೆ ಎಂಬುದನ್ನು ನಾವು ಮರೆಯಬಾರದು. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊದಲ್ಲಿ ಹುಲ್ಲು, ಎತ್ತು, ಕತ್ತೆಗಳೊಡನೆ ಗೋದಲಿಯನ್ನು ಸಿದ್ಧಪಡಿಸಿದ್ದೂ ಆ ಬಡತನವನ್ನು ಜನರು ಕಣ್ಣಾರೆ ಕಾಣಲೆಂದೇ.

ಬೈಬಲಿನ ಲೂಕ 2:1–20ನ್ನು ಮನೆಯಲ್ಲಿ ಒಟ್ಟಾಗಿ ಓದಿಕೊಂಡು ಬನ್ನಿ. ಪ್ರತಿ ಕುಟುಂಬವೂ ಒಂದು ಹೊಸ ಕಂಬಳಿಯನ್ನೋ 5 ಕೆ.ಜಿ. ಅಕ್ಕಿಯನ್ನೋ ತಂದು ಗೋದಲಿಯ ಬಳಿ ಇರಿಸಲಿ. ಅವನ್ನು ಮರುದಿನ ನಮ್ಮ ಬೀದಿಗಳಲ್ಲೇ ಒಂಟಿಯಾಗಿರುವ ಹಿರಿಯರಿಗೆ, ಅವರು ಯಾವ ಧರ್ಮದವರೆಂದು ಕೇಳದೆ, ತಲುಪಿಸುತ್ತೇವೆ. ಆ ಹೊತ್ತಿನಲ್ಲಿ ದಯವಿಟ್ಟು ಯಾರೂ ಫೋಟೊ ತೆಗೆಯಬೇಡಿ. ನನಗೆ ತೋಚುವಂತೆ ಇದಕ್ಕಿಂತ ಕಷ್ಟದ ಸಿದ್ಧತೆ ಇನ್ನೊಂದಿದೆ: ಮಾತು ಬಿಟ್ಟಿರುವ ನೆಂಟರಿಗೋ ನೆರೆಯವರಿಗೋ ಅಷ್ಟರೊಳಗೆ ಒಂದು ಕರೆ ಮಾಡುವುದು.

ನಿಮ್ಮ ಮನೆಯಿಂದ ಎಷ್ಟು ಮಂದಿ ಬರುವಿರೆಂಬುದನ್ನು 18ರ ಗುರುವಾರದೊಳಗೆ ಈ ಗುಂಪಿನಲ್ಲಿಯೇ ತಿಳಿಸಬೇಕಾಗಿ ವಿನಂತಿ.