ಎನಮ್‌ಗೂ ಸರಿಯಾಗಿ ಕಾಮೆಂಟ್ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಓದುಗರಲ್ಲಿ ಇಂಜಿನಿಯರಿಂಗ್ ಓದುವವರು, ಕಲಿಸುವವರು, ಸಾಫ್ಟ್‌ವೇರ್ ಕೆಲಸದಲ್ಲಿರುವವರು ಬಹಳ ಜನ ಇದ್ದಾರೆ. ಈ ಪತ್ರ ಅವರಿಗೆ. ಫಂಕ್ಷನ್ ಮೇಲೆ ಹತ್ತು ಸಾಲು ಕಾಮೆಂಟ್ (ಓದುವವರಿಗಾಗಿ ಕೋಡ್‌ನಲ್ಲೇ ಬರೆಯುವ ವಿವರಣೆ) ಬರೆಯುವವರೂ ಎನಮ್ (ಪ್ರತಿ ಹೆಸರಿಗೂ ಒಂದು ಸಂಖ್ಯೆ ಇರುವ ಹೆಸರುಗಳ ಪಟ್ಟಿ) ಬಂದರೆ ಸುಮ್ನೆ ಹೆಸರುಗಳನ್ನು ಸಾಲಾಗಿ ಇಟ್ಟು ಮುಂದೆ ಹೋಗಿಬಿಡುತ್ತಾರೆ. ಹೆಸರೇ ಎಲ್ಲ ಹೇಳುತ್ತಲ್ಲ ಅನ್ನುತ್ತಾರೆ. ಹೇಳಲ್ಲ.

ನಾನು ಕೆಲಸ ಮಾಡಿದ ಒಂದು ಕಡೆ ನೀರಿನ ಪಂಪ್ ನಡೆಸುವ ಸಿ ಕೋಡ್ ಇತ್ತು. ಪಂಪಿನ ಸ್ಥಿತಿಗೆ ನಾಲ್ಕು ಹೆಸರು: ಐಡಲ್, ರನ್ನಿಂಗ್, ಫಾಲ್ಟ್, ಲಾಕ್ಡ್. ಫಾಲ್ಟ್ ಮುಂದಿನ ಕಾಮೆಂಟ್ ಏನು ಗೊತ್ತಾ? 'ಫಾಲ್ಟ್ ಸ್ಥಿತಿ'. ಇದರಿಂದ ಯಾರಿಗೆ ಏನು ತಿಳಿಯಬೇಕು? ಫಾಲ್ಟ್ ಆದರೆ ಪಂಪ್ ತಾನೇ ಮತ್ತೆ ಶುರುವಾಗುತ್ತದೆ, ಲಾಕ್ಡ್ ಆದರೆ ಯಾರಾದರೂ ಹೋಗಿ ರೀಸೆಟ್ ಬಟನ್ ಒತ್ತಲೇಬೇಕು. ಬರೆಯಬೇಕಾದ್ದು ಇದು. ಹಾಗೇ ಈ ಸಂಖ್ಯೆಗಳು ಡೇಟಾಬೇಸ್‌ಗೆ ಹೋಗುತ್ತವೆ ಅಂತಿದ್ದರೆ ಅದನ್ನೂ ಬರೆಯಬೇಕು, ಯಾಕಂದರೆ ನಾಳೆ ಬಂದವರು ಫಾಲ್ಟ್‌ಗಿಂತ ಮುಂಚೆ ಒಂದು ಹೊಸ ಹೆಸರು ತೂರಿಸಿದರೆ ಅದರ ಕೆಳಗಿನವುಗಳ ಸಂಖ್ಯೆ ಒಂದೊಂದು ಜಾಸ್ತಿಯಾಗಿ, ಹಳೆಯ ದಾಖಲೆಯಲ್ಲಿ ಫಾಲ್ಟ್ ಅಂತ ಇದ್ದದ್ದು ಬೇರೇನೋ ಆಗಿ ಕಾಣುತ್ತದೆ.

ಇನ್ನು ಡಾಕ್ಸಿಜನ್ ವಿಷಯ. ಕೋಡ್‌ನಲ್ಲಿರುವ ಕಾಮೆಂಟ್ ಓದಿ ತಾನೇ ಡಾಕ್ಯುಮೆಂಟೇಶನ್ ಪುಟ ಮಾಡಿಕೊಡುವ ಈ ಟೂಲ್ 1997ರಿಂದಲೂ ಇದೆ, ಆದರೂ ಒಂದು ಸಣ್ಣ ಗುರುತು ಮರೆತು ಜನ ಒದ್ದಾಡುತ್ತಾರೆ. ಹೆಸರಿನ ಮೇಲಿನ ಸಾಲಿನಲ್ಲಿ ಬರೆದರೆ ಕಾಮೆಂಟ್ ಶುರುವಿಗೆ /** ಸಾಕು. ಹೆಸರಾದ ಮೇಲೆ ಅದೇ ಸಾಲಿನಲ್ಲಿ ಬರೆಯುವುದಾದರೆ /**< ಅಂತ ಇರಬೇಕು, ಇಲ್ಲವೇ ///< ಅಂತ. ಆ < ಬಿಟ್ಟರೆ ಡಾಕ್ಸಿಜನ್ ಆ ಮಾತನ್ನು ಮುಂದಿನ ಹೆಸರಿಗೆ ಅಂಟಿಸುತ್ತದೆ! ಐಡಲ್‌ಗೆ ಬರೆದ 'ಮೋಟರ್ ನಿಂತಿದೆ' ಅನ್ನುವುದು ಪುಟದಲ್ಲಿ ರನ್ನಿಂಗ್ ಪಕ್ಕ ಕೂರುತ್ತದೆ. ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಕಂಪೈಲರ್‌ಗೆ ಇದರ ಚಿಂತೆ ಇಲ್ಲ, ಕೋಡ್ ಸರಿಯಾಗೇ ಓಡುತ್ತದೆ, ಪುಟ ನಂಬಿ ಕೆಲಸ ಮಾಡುವವರು ಮಾತ್ರ ದಾರಿ ತಪ್ಪುತ್ತಾರೆ. ಕಾಮೆಂಟ್ ಇಲ್ಲದಿದ್ದರೂ ಇಷ್ಟು ಕೆಡುಕಿಲ್ಲ ಅಲ್ವಾ?

ಎನಮ್ ಯಾವ ಕ್ಲಾಸಿನ ಒಳಗೂ ಇಲ್ಲದೆ ಹೆಡರ್ ಫೈಲಿನಲ್ಲಿ (ಹಲವು ಕೋಡ್ ಫೈಲುಗಳು ಹಂಚಿಕೊಳ್ಳುವ ಫೈಲು) ನೇರವಾಗಿ ಇದ್ದರೆ, ಫೈಲಿಗೂ @ಫೈಲ್ ಕಮಾಂಡ್ ಹಾಕಿ ಒಂದು ಕಾಮೆಂಟ್ ಬರೆಯಬೇಕು (ಕಮಾಂಡನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು ಅನ್ನಿ). ಇದು ಗೊತ್ತಿಲ್ಲದೆ, ಪುಟದಲ್ಲಿ ಎನಮ್ ಬರ್ತಾ ಇಲ್ಲ ಅಂತ ಕೆಲವರು 'ಎಕ್ಸ್‌ಟ್ರಾಕ್ಟ್ ಆಲ್' ಸೆಟ್ಟಿಂಗನ್ನು ಯೆಸ್ ಮಾಡುತ್ತಾರೆ. ಆಗ ಎಲ್ಲ ಹೆಸರೂ ಬರುತ್ತವೆ, ನಿಜ. ಆದರೆ ಇದಕ್ಕೆ ಕಾಮೆಂಟ್ ಇಲ್ಲ ಅಂತ ಕೊಡುತ್ತಿದ್ದ ಎಚ್ಚರಿಕೆಯೂ ಅದರ ಜೊತೆಗೆ ನಿಂತುಹೋಗುತ್ತದೆ. ದೊಡ್ಡ ಪ್ರಾಜೆಕ್ಟ್‌ನಲ್ಲಿ ಇದು ದುಬಾರಿ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಬರೆಯುವವರ ಪದ್ಧತಿ ನನಗೆ ಹಿಡಿಸುತ್ತದೆ. ಎನಮ್ ಮೇಲೆ ಒಂದೇ ಕಾಮೆಂಟ್, ಅದರೊಳಗೆ ಪ್ರತಿ ಹೆಸರಿಗೂ @ ಹಾಕಿ ಒಂದು ವಿವರಣೆ. ಒಂದನ್ನು ಬಿಟ್ಟರೂ ಅವರ ಟೂಲ್ ಇಂಥದ್ದು ಬಿಟ್ಟಿದ್ದೀರಿ ಅಂತ ಹೆಸರು ಹಿಡಿದು ಹೇಳುತ್ತದೆ.

ಕಾಲೇಜಿನ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನ ಕೇಳಿಕೆ ಇಷ್ಟೇ. ಲ್ಯಾಬ್‌ನಲ್ಲಿ ಔಟ್‌ಪುಟ್ ಬಂತಾ ಅಂತ ಮಾತ್ರ ನೋಡಬೇಡಿ. ಮಕ್ಕಳ ಕೈಯಲ್ಲೇ ಡಾಕ್ಸಿಜನ್ ಓಡಿಸಿ, ಬಂದ ಪುಟವನ್ನು ಪಕ್ಕದ ಬೆಂಚಿನವರಿಗೆ ಕೊಡಿ. ಕೋಡ್ ನೋಡದೆ ಫಾಲ್ಟ್‌ಗೂ ಲಾಕ್ಡ್‌ಗೂ ಏನು ವ್ಯತ್ಯಾಸ ಅಂತ ಅವರು ಹೇಳಿದರೆ ಮಾತ್ರ ಪೂರ್ತಿ ಅಂಕ ಕೊಡಿ.

ಇತಿ,
ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್, ಮೈಸೂರು